ಹಿಡಿಕೆಯ ಮೇಲಿನ ಕುಂಕುಮ

ನಮ್ಮ ಆಸ್ಪತ್ರೆಯ ಅಧ್ಯಕ್ಷರಾದ ಶರಣಯ್ಯನವರೇ, ವೇದಿಕೆಯ ಮೇಲಿರುವ ವೈದ್ಯರೇ, ಹನ್ನೊಂದು ವರ್ಷ ನನ್ನ ಸಿಟ್ಟು ಸಹಿಸಿಕೊಂಡ ಸಿಬ್ಬಂದಿ ಬಂಧುಗಳೇ, ಮುಂದಿನ ಸಾಲಿನಲ್ಲಿರುವ ನನ್ನ ಮಗಳು ಸೌಭಾಗ್ಯಳೇ, ಮಾನ್ವಿಯಿಂದ ಬಸ್ಸು ಹಿಡಿದು ಬಂದು ಕೊನೆಯ ಸಾಲಿನಲ್ಲಿ ಕುಳಿತಿರುವ ಸಿಸ್ಟರ್ ಸುನಂದಾ ಅವರೇ, ಎಲ್ಲ ಸಭಿಕರೇ.

ನಿವೃತ್ತನಾಗುವ ಮೆಕ್ಯಾನಿಕ್ ನಾಲ್ಕು ಒಳ್ಳೆಯ ಮಾತಾಡಿ ಕೆಳಗಿಳಿಯಬೇಕು. ಮಗಳು ಬರೆದುಕೊಟ್ಟ ಚೀಟಿ ಜೇಬಿನಲ್ಲಿದೆ. ಅದನ್ನು ಓದುವುದಿಲ್ಲ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ನನಗೊಂದು ಆಘಾತವಾಗಿದೆ.

ಈಗ ತಾನೇ ಓದಿದ ಮಾನಪತ್ರದಲ್ಲಿ ಏನಿತ್ತು? 'ಯಂತ್ರವಿಲ್ಲದೆ ಗಾಳಿ ಅಳೆಯುವ ಅಂಬರೇಶನ ಅಂಗೈ' ಎಂದಿತ್ತು. ನೀವು ಚಪ್ಪಾಳೆ ತಟ್ಟಿದಿರಿ. ನಾನು ಆ ಅಂಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ನಾನು ಜಾಲಹಳ್ಳಿಯವನು. ಕೆಲಸ ಕಲಿತದ್ದು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ, ಅಮೀರ್ ಸಾಬ್ ಎಂಬ ಉಸ್ತಾದರ ಕೈಕೆಳಗೆ. ಅಲ್ಲಿ ಹತ್ತಿ ಓಡಾಡುವುದೇ ಗಾಳಿಯ ಕೊಳವೆಗಳಲ್ಲಿ. ಉಸ್ತಾದರು ಕೊಳವೆಯ ಬಾಯಿಗೆ ದಾರದಲ್ಲಿ ಚೂರು ಹತ್ತಿ ಕಟ್ಟಿ, ಅದು ಎಷ್ಟು ಹಾರುತ್ತದೆಂದು ನೋಡುತ್ತಿದ್ದರು. "ಅಂಗೈಗೆ ಸೊಕ್ಕಿರ್ತದ ಬೇಟಾ, ಹತ್ತಿಗಿರಂಗಿಲ್ಲ" ಎನ್ನುತ್ತಿದ್ದರು. ಮುದುಕರ ಮಾತು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ ನಾನು ಇಲ್ಲಿ ಸೇರಿದಾಗಲೇ ಈ ಆಸ್ಪತ್ರೆಗೆ ಹೀಟ್ ಪಂಪ್ ಬಂತು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಎರಡನ್ನೂ ಕೊಡುವ ಯಂತ್ರ. ಚಾವಣಿಯ ಮೇಲಿನ ತಗಡಿನ ಕೊಳವೆಗಳಲ್ಲಿ ಅದರ ಗಾಳಿ ಕೋಣೆ ಕೋಣೆಗೆ ಹೋಗುತ್ತದೆ. ಪ್ರತಿ ಕೊಳವೆಗೂ ಒಳಗೊಂದು ತಗಡಿನ ಬಾಗಿಲು, ಹೊರಗೆ ಅದನ್ನು ತಿರುಗಿಸುವ ಹಿಡಿಕೆ. ಹಸುಗೂಸುಗಳ ಕೋಣೆಗೆ ನಿಮಿಷಕ್ಕೆ ಇನ್ನೂರು ಘನ ಅಡಿ ಗಾಳಿ ಬೇಕು. ಬರುತ್ತಿದೆಯೇ? ಅಂಗೈ ಒಡ್ಡಿ ಬರುತ್ತಿದೆ ಎಂದೆ. ಹನ್ನೊಂದು ವರ್ಷ ಅದನ್ನೇ ಹೇಳಿದೆ.

ಆರು ವರ್ಷದ ಹಿಂದೆ, ಇದೇ ಡಿಸೆಂಬರಿನಲ್ಲಿ, ಸಿಸ್ಟರ್ ಸುನಂದಾ ಬಂದು, "ಅಣ್ಣಾರ, ಖೋಲ್ಯಾಗ ಬೆಚ್ಚನ ಗಾಳಿ ಸಾಲವಲ್ದುರೀ. ಕೂಸುಗಳ ಕಾಲು ತಣ್ಣಗ ಆಗಾಕತ್ತಾವ" ಎಂದರು. ನಾನು ಅಂಗೈ ಒಡ್ಡಿ, "ಬರಾಕತ್ತದಲ್ಲವ್ವಾ, ನಿನ್ನ ಕೈ ಸತ್ತಾವೇನು?" ಎಂದೆ. ಅಲ್ಲಿದ್ದವರು ನಕ್ಕರು. ಮರುದಿನ ಅವರು ಕೋಣೆಗೆ ಗಾಳಿ ಬಿಡುವ ಜಾಲರಿಗೆ ದಾರದಲ್ಲಿ ಚೂರು ಹತ್ತಿ ಕಟ್ಟಿದ್ದರು. ಅದು ಅಲುಗಾಡದೆ ನೇತಾಡುತ್ತಿತ್ತು. ನನ್ನ ಉಸ್ತಾದರ ಹತ್ತಿ, ಸಭಿಕರೇ. ನನಗೆ ಗುರುತು ಸಿಕ್ಕಿತು. ಆದರೂ "ಇದೇನು ಮಾಟ ಮಾಡೀದಿ?" ಎಂದು ಕಿತ್ತೆಸೆದೆ.

ಅದರ ಮರುದಿನ ನಸುಕಿನಲ್ಲಿ ಅವರು ಆರು ತೊಟ್ಟಿಲುಗಳನ್ನು ತಳ್ಳಿಕೊಂಡು ಹೋಗಿ ಅಧ್ಯಕ್ಷರ ಕೋಣೆಯಲ್ಲಿಟ್ಟರು. ಇಡೀ ಆಸ್ಪತ್ರೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಅಧ್ಯಕ್ಷರೇ, ತಾವು ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡು ಕೂರುತ್ತಿದ್ದಿರಿ, ನೆನಪಿದೆಯೇ? ಆಡಳಿತದವರು ನನ್ನ ವರದಿ ಕೇಳಿದರು. ಒಂದೇ ಸಾಲು ಬರೆದುಕೊಟ್ಟೆ: 'ಯಂತ್ರ ಸರಿಯಾಗಿದೆ, ಸಿಸ್ಟರ್ ಅವರದು ಸುಮ್ಮನೆ ಗಾಬರಿ.' ಆ ಸಾಲಿನ ಮೇಲೆ ಅವರನ್ನು ಮಾನ್ವಿ ಶಾಖೆಗೆ ಕಳಿಸಿದರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಆರು ವರ್ಷದಿಂದ ದಿನವೂ ಮಾನ್ವಿಗೆ ಬೆಳಗಿನ ಆರರ ಬಸ್ಸು. ಅವರ ನಂತರ ಬಂದ ಸಿಸ್ಟರುಗಳು ಒಂದು ಕಂಬಳಿ ಹೆಚ್ಚಿಗೆ ಹೊದಿಸಿದರು, ನನ್ನನ್ನು ಕೇಳಲಿಲ್ಲ. ಕೇಳಿದವರ ಗತಿ ಕಂಡಿದ್ದರಲ್ಲ.

ಆ ಆರರಲ್ಲಿ ಒಂದು ತೊಟ್ಟಿಲು ನನ್ನ ಸೌಭಾಗ್ಯಳ ಕೂಸಿನದು. ಹಿಂದಿನ ದಿನ ಆ ಕೂಸಿನ ಪಾದ ಮುಟ್ಟಿ ನೋಡಿದ್ದೆ, ಇದೇ ಅಂಗೈಯಿಂದ. ತಣ್ಣಗಿತ್ತು. ಹೊಸ ಕೂಸು, ಹಂಗ ಇರ್ತದ ಅಂದಿದ್ದೆ. ಇದನ್ನು ಇವತ್ತಿನವರೆಗೆ ಮಗಳಿಗೂ ಹೇಳಿರಲಿಲ್ಲ.

ಕನಕಪ್ಪ, ಮೈಕಿನ ಸ್ವಿಚ್ಚಿನಿಂದ ಕೈ ತೆಗಿ. ಮುಗಿಸಿಯೇ ಇಳಿಯುತ್ತೇನೆ.

ಇವತ್ತು ಬೆಳಿಗ್ಗೆ ಕೆಲಸದ ಹಸ್ತಾಂತರಕ್ಕೆಂದು ಗಾಳಿ ಅಳೆಯುವ ಹೊಸ ಉಪಕರಣ ಕೊಟ್ಟರು. ಜಾಲರಿಗೆ ಛತ್ರಿಯಂತೆ ಹಿಡಿದರೆ ಅಂಕಿ ತೋರಿಸುತ್ತದೆ. ಕೂಸುಗಳ ಕೋಣೆಯಲ್ಲಿ ಐವತ್ತೈದು ತೋರಿಸಿತು. ಉಪಕರಣ ಕೆಟ್ಟಿದೆ ಎಂದೆ. ಅಧ್ಯಕ್ಷರ ಕೋಣೆಗೆ ಒಯ್ದೆ. ನಾನೂರ ಮೂವತ್ತು. ಏಣಿ ಹಾಕಿ ಚಾವಣಿಯ ಮೇಲೆ ಹತ್ತಿದೆ.

ಅಲ್ಲಿ ಏನು ಕಂಡೆ? ಕೂಸುಗಳ ಕೋಣೆಯ ಕೊಳವೆಯ ಹಿಡಿಕೆಯ ಮೇಲೆ ಕುಂಕುಮ ಕಂಡೆ. ಪ್ರತಿ ಆಯುಧ ಪೂಜೆಗೆ ನಾನೇ ಹಚ್ಚಿದ ವಿಭೂತಿ, ಕುಂಕುಮ, ಹನ್ನೊಂದು ವರ್ಷದ ಪದರು, ಮೇಲೆ ದಾರ. ಪೂಜೆ ಮಾಡಿದ್ದನ್ನು ಅಲುಗಿಸಬಾರದೆಂದು ಹಿಡಿಕೆಯನ್ನು ಮತ್ತೆ ಒಮ್ಮೆಯೂ ತಿರುಗಿಸಿರಲಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆದೆ. ಕೆಳಗಿನ ಬಾಣದ ಗುರುತು ಮುಚ್ಚಿದ ಕಡೆಗಿತ್ತು. ಆಗ ನೆನಪಾಯಿತು. ಉದ್ಘಾಟನೆಯ ದಿನ, ಮೇ ತಿಂಗಳ ಬಿಸಿಲು, ಅತಿಥಿಗಳೆಲ್ಲ ಅಧ್ಯಕ್ಷರ ಕೋಣೆಯಲ್ಲಿ. ಅವರಿಗೆ ತಂಪು ಸಾಲಲೆಂದು ಇನ್ನೂ ಖಾಲಿಯಿದ್ದ ಕೂಸುಗಳ ಕೋಣೆಯ ಕೊಳವೆಯ ಬಾಗಿಲನ್ನು ನಾನೇ ತಿರುಗಿಸಿ ಮುಚ್ಚಿದ್ದೆ. ಒಂದು ಗಂಟೆಯ ಮಟ್ಟಿಗೆ. ಅಷ್ಟರಲ್ಲಿ ಪೂಜೆಗೆ ಕರೆದರು. ಹಿಡಿಕೆಗೆ ಕುಂಕುಮ ಹಚ್ಚಿ ಇಳಿದೆ.

ಸಂದಿಯಿಂದ ನುಸುಳುವ ಗಾಳಿಯೂ ಬೆಚ್ಚಗಿದ್ದರೆ ಅಂಗೈಗೆ ಸಾಕೆನಿಸುತ್ತದೆ. ಅದಕ್ಕೆ ಬಿಸಿ ತಿಳಿಯಿತು, ಎಷ್ಟು ಗಾಳಿ ಎಂದು ತಿಳಿಯಲಿಲ್ಲ. ನನಗೆ ನನ್ನ ಮೇಲೆ ಅಸಹ್ಯವಾಗಿದೆ.

ಬಾಗಿಲು ತೆರೆದೆ. ಒಂದನ್ನು ತೆರೆದರೆ ಉಳಿದ ಕೋಣೆಗಳ ಗಾಳಿಯೂ ಬದಲಾಗುತ್ತದೆ, ಆದ್ದರಿಂದ ಒಂದೊಂದೇ ಹಿಡಿಕೆಯನ್ನು ಚೂರು ಚೂರು ತಿರುಗಿಸಿ ಮತ್ತೆ ಮತ್ತೆ ಅಳೆದೆ. ಈಗ ನೂರ ತೊಂಬತ್ತೈದು. ಅಧ್ಯಕ್ಷರೇ, ನಾಳೆಯಿಂದ ತಮಗೆ ಸ್ವೆಟರ್ ಬೇಕಾದೀತು. ಈ ಶಾಲನ್ನು ತಾವೇ ಹೊದೆಯಿರಿ, ನನಗೆ ಬೇಡ. ಬದಲಿಗೆ ನನ್ನ ಈ ಹೊಸ ವರದಿಯನ್ನು ಸಿಸ್ಟರ್ ಅವರ ಫೈಲಿಗೆ ಸೇರಿಸಿ, ಅವರನ್ನು ಊರಿಗೆ ಕರೆಸಿ: 'ಸಿಸ್ಟರ್ ಹೇಳಿದ್ದು ನಿಜ. ಗಾಳಿ ಮುಚ್ಚಿದವನು ನಾನು.'

ಕಾರ್ಯಕ್ರಮಕ್ಕೆ ಮೊದಲು ಸಿಸ್ಟರ್ ನನ್ನ ಬಳಿ ಬಂದು, "ಅಣ್ಣಾರ, ಆ ಖೋಲಿಗೆ ಈಗರ ಗಾಳಿ ಬರ್ತದೇನ್ರಿ?" ಎಂದು ಕೇಳಿದರು. ಆರು ವರ್ಷದ ಮೇಲೆ ಕೇಳಿದ್ದು ಅದೊಂದೇ. ನಾನು ವೇದಿಕೆ ಹತ್ತಿದೆ.

ಬರ್ತದವ್ವಾ. ಇವತ್ತು ಮಧ್ಯಾಹ್ನದಿಂದ ಬರಾಕತ್ತದ. ನನ್ನ ಕೈ ನಂಬಬ್ಯಾಡ. ಜಾಲರಿಗೆ ಹತ್ತಿ ಕಟ್ಟೀನಿ, ಹೋಗಿ ನೋಡು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆ ಋಣಿ. ನಮಸ್ಕಾರ.