ಗೋಲ್‌ಕೀಪರ್ ರಕ್ಷಾಳ ದನಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಪ್ರಿಯಂವದಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಮುಂದಿನ ಸೀಟಿನ ತಾಯಿ ಮಗಳ ಮಾತು ಕಿವಿಗೆ ಬಿದ್ದ ಮೇಲೆ ನಿದ್ದೆ ಹತ್ತಲಿಲ್ಲ.

“ಇವತ್ತು ಗ್ರೂಪ್ ಕೋಚಿಂಗ್ ಬೇಡಮ್ಮ. ಸರ್ ನಂಗೊಬ್ಬಳಿಗೇ ಹೇಳ್ಕೊಟ್ರೆ ಸಾಕು.”

“ಯಾಕೆ ರಕ್ಷಾ? ಒಬ್ಬಳೇ ಇದ್ದಾಗ ಒಂದು ಬಾಲೂ ಬಿಡಲ್ಲ ಅಂತಾರಲ್ಲ ಸರ್.”

“ಬಾಲೇನೋ ಹಿಡೀತೀನಿ. ಆದ್ರೆ ಯಾರು ಎಲ್ಲಿ ನಿಲ್ಬೇಕು ಅಂತ ಗೋಲ್‌ಕೀಪರ್ರೇ ಕೂಗಿ ಹೇಳ್ಬೇಕಂತೆ. ಅಷ್ಟು ಜನರ ಮುಂದೆ ನಂಗೆ ಬಾಯೇ ಬರಲ್ಲ.”

“ಮನೇಲಿ ತಮ್ಮನ ಮೇಲೆ ಕೂಗಾಡ್ತೀಯಲ್ಲೇ ಮಾರಾಯ್ತಿ!”

“ಅವರೆಲ್ಲ ನಂಗಿಂತ ದೊಡ್ಡೋರಮ್ಮ. ಹೋದ ವಾರ ನಾನು ಸುಮ್ನಿದ್ದಿದ್ದಕ್ಕೆ ಇಬ್ರು ಢಿಕ್ಕಿ ಹೊಡ್ಕೊಂಡು ಬಿದ್ರು. ಇವತ್ತೂ ಕೂಗದಿದ್ರೆ ಬೇರೆ ಕೀಪರ್‌ನ ನಿಲ್ಲಿಸ್ತಾರೆ.”

ತಾಯಿ ಮಗಳ ಕೈ ಹಿಡಿದುಕೊಂಡರು. “ಒಂದ್ಸಲ ಕೂಗಿ ನೋಡು. ಆಗದೇ ಇದ್ರೆ ನಾನೇ ಸರ್ ಹತ್ರ ಮಾತಾಡ್ತೀನಿ.”

ಶಿವಮೊಗ್ಗದ ಮೈದಾನದ ಸ್ಟಾಪಿನಲ್ಲಿ ರಕ್ಷಾ ಮೊದಲು ಇಳಿದಳು. ತಾಯಿ ಇನ್ನೂ ಮೆಟ್ಟಿಲ ಮೇಲಿದ್ದರು. ಕಂಡಕ್ಟರ್ ಗಮನಿಸದೆ ‘ರೈಟ್’ ಎಂದುಬಿಟ್ಟ. ಬಸ್ಸು ಅಲುಗಿತು.

“ನಿಲ್ಸೀ! ನಮ್ಮಮ್ಮ ಇಳೀತಿದಾರೆ!”

ಆ ಕೂಗಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಬಸ್ಸಿನವರೆಲ್ಲ ಅವಳತ್ತ ತಿರುಗಿದರು. ಅಷ್ಟು ದೊಡ್ಡ ದನಿ ಆ ಪುಟ್ಟ ಹುಡುಗಿಯದೇ ಎಂದು ನಂಬಲು ಪ್ರಿಯಂವದಾಗೆ ಒಂದು ಗಳಿಗೆ ಬೇಕಾಯಿತು.

ತಾಯಿ ನಗುತ್ತಾ ಇಳಿದರು. “ಎಷ್ಟು ಜನ ಕೇಳಿಸ್ಕೊಂಡ್ರು ನೋಡಿದ್ಯಾ?”

“ನೋಡ್ದೆ. ಬೇಗ ಬಾಮ್ಮ, ಎಲ್ರೂ ಬಂದಿರ್ತಾರೆ.”

ಬಸ್ಸು ಮತ್ತೆ ಹೊರಟಿತು. ಪ್ರಿಯಂವದಾ ಕಿಟಕಿಯಿಂದ ಬಗ್ಗಿ ನೋಡಿದರು. ರಕ್ಷಾ ಅಮ್ಮನನ್ನು ಹಿಂದೆ ಬಿಟ್ಟು ಮೈದಾನದತ್ತ ಓಡುತ್ತಿದ್ದಳು.