ಆಸ್ತಿಯ ಪುಟ

ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯ ಮಾತು ಬಿತ್ತು. ಹನಿ ಹಾಕಿಸಿಕೊಂಡಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು.

“ನೀನಿಲ್ದಿದ್ರೆ ನಿನ್ನ ಮಾವ ಬಿಟ್ಟುಹೋದ ಷೇರನ್ನೆಲ್ಲ ಮೈದುನನಿಗೆ ಅಗ್ಗಕ್ಕೆ ಕೊಟ್ಟುಬಿಡ್ತಿದ್ದೆ ಕಣೇ.”

“ಚಿಕ್ಕಮಾವ ಅಷ್ಟು ಹೆದರಿಸಿದ್ರಲ್ಲ ಅತ್ತೆ.”

“ಕಂಪನಿ ಸಾಲದಲ್ಲಿ ಮುಳುಗಿದೆ ಅತ್ತಿಗೆ ಅಂದ. ನಾನು ನಂಬಿಬಿಟ್ಟೆ. ನೀನು ವಾರ್ಷಿಕ ವರದಿ ತೆಗೆದು ಆಸ್ತಿ ಎಷ್ಟಿದೆ ಅಂತ ತೋರಿಸ್ದೆ ನೋಡು, ಆಗ ಜೀವ ಬಂತು.”

“ಸಾಲ ತಗೊಂಡು ಹೊಸ ಯಂತ್ರ ಹಾಕಿದ್ರು, ಅಷ್ಟೇ.”

“ನಾವು ಮನೆ ಕಟ್ಟಿದ ಹಾಗೆ. ಸಾಲಾನೂ ಇತ್ತು, ಮನೇನೂ ಇತ್ತು.”

“ಹೂಂ. ಬಡ್ಡಿ, ತೆರಿಗೆ ಎಲ್ಲ ಕಳೆದು ಉಳಿದ ನಿವ್ವಳ ಲಾಭಾನೂ ಜಾಸ್ತಿಯಾಗಿದೆ. ಚಿಕ್ಕಮಾವನಿಗೆ ಹೇಳಿದ್ರಾ?”

“ಹೇಳ್ದೆ. ಆಸ್ತಿ ಪುಟ ನೋಡಿದ್ಯೇನಪ್ಪಾ ಅಂದೆ. ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ಟ.”

ಸೊಸೆ ನಕ್ಕಳು. ಅತ್ತೆ ತಡಕಿ ಅವಳ ಕೈ ಹಿಡಿದರು.

“ಇಷ್ಟು ವರ್ಷ ಯಾರೂ ನನ್ನ ಕೂರಿಸ್ಕೊಂಡು ಹೇಳಿಕೊಟ್ಟಿರ್ಲಿಲ್ಲ ಮಗಳೇ.”

“ಮುಂದಿನ ವರ್ಷದ್ದೂ ಓದಿ ಹೇಳ್ತೀನಿ ಬಿಡಿ.”

“ಬೇಡ. ಕನ್ನಡಕ ಯಾಕೆ ಮಾಡಿಸ್ಕೋತಿದೀನಿ ಅಂದ್ಕೊಂಡೆ? ನಾನೇ ಓದ್ತೀನಿ. ನೀನು ಪಕ್ಕದಲ್ಲಿ ಕೂತಿರು, ಸಾಕು.”

ನರ್ಸ್ ಕರೆದಳು. ದರ್ಜಿ ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟ. ಇಬ್ಬರೂ ಹಿಡಿದ ಕೈ ಬಿಡದೆ ಒಳಗೆ ಹೋದರು.