ಹುಚ್ಚಿನ ಚೀಟಿ

ಎರಡನೇ ಮಹಾಯುದ್ಧ ಮುಗಿದ ವರ್ಷ ವಿಜಾಪುರದ ಆಸ್ಪತ್ರೆಯೊಂದರ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ತಿಕೋಟಾದ ಗುರುಬಸವ್ವ ಕುಳಿತಿದ್ದರು. ಹೆತ್ತು ಎರಡು ತಿಂಗಳಾದ ಸೊಸೆ ಅವರ ಆಚೆ ಇದ್ದಳು. ಕೂಸು ಅತ್ತೆಯ ತೊಡೆಯ ಮೇಲಿತ್ತು. ನರ್ಸ್ ಎಸ್ತರಬಾಯಿ ವಿಚಾರಿಸಲು ಬಂದರು.

“ಈಕಿಗೆ ಹುಚ್ಚ ಹಿಡದೈತಿ ಅಂತ ಒಂದ ಚೀಟಿ ಬರದ ಕೊಡ್ರಿ. ಬೀಗರಿಗೆ ತೋರಿಸಿ ಮಗನ ಎರಡನೇ ಲಗ್ನಾ ಮಾಡ್ತೇವಿ.”

“ಏನ ಮಾಡ್ತಾಳ?”

“ಸುಮ್ಮಸುಮ್ಮನ ಅಳತಾಳ್ರಿ. ನಿದ್ದೀನ ಇಲ್ಲ.”

“ರಾತ್ರಿ ಕೂಸಿನ್ನ ಯಾರ ನೋಡ್ತಾರ?”

“ಆಕೀನ.”

“ನಸಿಕಿನ್ಯಾಗ ರೊಟ್ಟಿ?”

“ಆಕೀನ. ಮನ್ಯಾಗ ಹನ್ನೆರಡ ಮಂದಿ ಅದೇವ್ರಿ.”

“ಹುಚ್ಚಿ ಬಡದ ರೊಟ್ಟಿ ಹನ್ನೆರಡೂ ಮಂದಿ ತಿಂತೀರಿ?”

“ರೊಟ್ಟಿ ಚೊಲೋ ಮಾಡ್ತಾಳ ಬಿಡ್ರಿ.”

“ಇದು ಬಾಣಂತ್ಯಾರಿಗೆ ಬರೂ ಬ್ಯಾನಿ, ವಾಸಿ ಆಗತೈತಿ. ಹದಿನೈದ ದಿನ ಇಲ್ಲೇ ಮಲಗಲಿ. ಚೀಟಿ ಆಮ್ಯಾಲೆ ನೋಡೂಣು.”

“ಹದಿನೈದ ದಿನಾ? ಮನಿಗೆಲಸ ಯಾರ ಮಾಡೂದ್ರಿ? ಈಕಿಗೆ ಅಷ್ಟೇನ ಹುಚ್ಚಿಲ್ಲ.”

“ಈಗರೆ ಐತಿ ಅಂದ್ರಿ.”

“ಅಂದಿದ್ದೆ. ಈಗ ಇಳದೈತಿ. ಏಳವ್ವಾ, ಮೋಟಾರ ಬಿಡೂ ಹೊತ್ತಾತು.”

ಸೊಸೆ ಎದ್ದಳು. ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ನರ್ಸಿನ ಬಳಿ ಸರಿದಳು.

“ನೀವು ಹೋಗ್ರಿ, ಅತ್ತಿ. ನನಗ ಹುಚ್ಚ ಹಿಡದೈತಿ,” ಎಂದು ವಾರ್ಡಿನ ಕಡೆ ನಡೆದಳು.